ಪರದೆಯ ಮೇಲೆ ರವೆ ಎರಚಿದಂತೆ: ಲೇಸರ್ ಪ್ರೊಜೆಕ್ಟರಿನ ಸ್ಪೆಕಲ್ ಅಳೆದು ಇಳಿಸುವ ಸಮಗ್ರ ಮಾರ್ಗದರ್ಶಿ

ರೇಷ್ಮೆ ಸೀರೆಯ ಕೆಂಪೋ ಕಾಫಿ ತೋಟದ ಹಸಿರೋ ಪರದೆ ತುಂಬಿದಾಗ, ಅದರ ಮೇಲೆ ಯಾರೋ ಚಿರೋಟಿ ರವೆ ಎರಚಿದಂತೆ, ಆ ರವೆ ಮಿಣಮಿಣ ಹೊಳೆಯುತ್ತಿರುವಂತೆ ಕಾಣುತ್ತದೆಯೇ? ಅದೇ ಸ್ಪೆಕಲ್. ಹಾಸನದ ಕಲ್ಯಾಣಮಂಟಪಗಳಿಂದ ಹಿಡಿದು ಮೂಡಿಗೆರೆ ಕಡೆಯ ಹೋಮ್‌ಸ್ಟೇಗಳವರೆಗೆ ಲೇಸರ್ ಪ್ರೊಜೆಕ್ಟರ್ ಬಂದ ಹಲವೆಡೆ ಇದೂ ಬೆನ್ನಿಗೇ ಬರುತ್ತದೆ. ಪರದೆ ಕೊಳೆಯಾಗಿದೆ ಎಂದು ಒರೆಸುವವರಿದ್ದಾರೆ, ಯಂತ್ರ ಕೆಟ್ಟಿದೆ ಎಂದು ವಾಪಸ್ ಕಳಿಸುವವರೂ ಇದ್ದಾರೆ. ಕೊಳೆ ಪರದೆಯಲ್ಲಿಲ್ಲ, ಕೆಡುಕು ಯಂತ್ರದಲ್ಲಿಲ್ಲ. ಲೇಸರ್ ಬೆಳಕಿನ ಸ್ವಭಾವವೇ ಹಾಗೆ.

ಆಷಾಢದ ಮಳೆಗೆ ಕೆರೆಯ ನೀರು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಹನಿ ಬಿದ್ದಲ್ಲೆಲ್ಲ ಒಂದೊಂದು ಬಳೆ. ಬಳೆಗಳು ಒಂದರ ಮೇಲೊಂದು ಹಾಯ್ದಾಗ ಅಲೆಯ ಉಬ್ಬಿಗೆ ಉಬ್ಬು ಸೇರಿದ ಕಡೆ ನೀರು ಏಳುತ್ತದೆ, ಉಬ್ಬಿಗೆ ತಗ್ಗು ಸೇರಿದ ಕಡೆ ಸಪಾಟಾಗುತ್ತದೆ. ಪರದೆಯ ಮೈ ಎಷ್ಟೇ ನಯವಾಗಿ ಕಂಡರೂ ಬೆಳಕಿನ ಅಲೆಗೆ ಅದು ಗುಡ್ಡಗಾಡು, ಏಕೆಂದರೆ ಹಸಿರು ಬೆಳಕಿನ ತರಂಗಾಂತರವೇ ಅರ್ಧ ಮೈಕ್ರಾನ್. ಆ ಉಬ್ಬುತಗ್ಗುಗಳಿಂದ ಚದುರಿದ ಅಲೆಗಳು ಕಣ್ಣಿನ ರೆಟಿನಾದಲ್ಲಿ ಕೂಡುತ್ತವೆ, ಕೆಲವೆಡೆ ಹೊಳಪು, ಕೆಲವೆಡೆ ಕತ್ತಲೆ. ಬಲ್ಬಿನ ಬೆಳಕಿನಲ್ಲಿ ಈ ವಿನ್ಯಾಸ ಕ್ಷಣಕ್ಷಣಕ್ಕೂ ಬದಲಾಗಿ ಸರಾಸರಿಯಾಗಿಬಿಡುತ್ತದೆ. ಲೇಸರಿನಲ್ಲಿ ನಿಂತುಬಿಡುತ್ತದೆ. ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ, ಈ ರವೆಯ ಬಗ್ಗೆ ಪತ್ರಿಕೆಗಳಲ್ಲಿ ವರದಿ ಬಂದದ್ದು 1962ರಲ್ಲಿ. ಅಷ್ಟು ಹಳೆಯ ತಲೆನೋವು.

ಮದ್ದು ಒಂದೇ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ರವೆ ವಿನ್ಯಾಸಗಳನ್ನು ಕಣ್ಣು ಒಂದರ ಮೇಲೊಂದು ಪೇರಿಸಿ ನೋಡುವಂತೆ ಮಾಡಬೇಕು. ಸ್ಪೆಕಲ್ ಕಾಂಟ್ರಾಸ್ಟ್ ಎಂದರೆ ಹೊಳಪಿನ ಏರಿಳಿತವನ್ನು (ಪ್ರಮಾಣ ವಿಚಲನೆ) ಸರಾಸರಿ ಹೊಳಪಿನಿಂದ ಭಾಗಿಸಿದ ಸಂಖ್ಯೆ. ಏನೂ ಮಾಡದಿದ್ದರೆ ಅದು 100%. ಸಮಾನ ಹೊಳಪಿನ 4 ವಿನ್ಯಾಸ ಸೇರಿದರೆ 50%, 100 ಸೇರಿದರೆ 10%. ಇಳಿಕೆ ವರ್ಗಮೂಲದ ಲೆಕ್ಕದಲ್ಲಿ ನಡೆಯುತ್ತದೆ. ನೋಡುವವರಿಗೆ ಕಿರಿಕಿರಿಯಾಗದ ಮಟ್ಟವೆಂದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ 4ರಿಂದ 5%. 4% ಬೇಕೆಂದರೆ 625 ವಿನ್ಯಾಸ ಬೇಕು. ಒಂದೇ ಉಪಾಯದಿಂದ ಅಷ್ಟನ್ನು ಹೊಂದಿಸಲು ಹೋದರೆ ದುಡ್ಡೂ ಬೆಳಕೂ ಎರಡೂ ಪೋಲು. ಬೇರೆ ಬೇರೆ ಮೂಲಗಳಿಂದ ಸ್ವಲ್ಪ ಸ್ವಲ್ಪ ಕೂಡಿಸಬೇಕು. ಮೂಲಗಳು ಮೂರು: ಬೆಳಕು ಬರುವ ದಿಕ್ಕು, ತರಂಗಾಂತರ, ಧ್ರುವೀಕರಣ (ಬೆಳಕಿನ ಅಲೆ ಕಂಪಿಸುವ ದಿಕ್ಕು).

ಮೊದಲು ರೋಗ ಯಾವುದೆಂದು ನೋಡಿ

ಪೂರ್ತಿ ಹಸಿರು ಚಿತ್ರ ಹಾಕಿ, ತಲೆಯನ್ನು ನಿಧಾನವಾಗಿ ಎಡಬಲಕ್ಕೆ ಆಡಿಸಿ. ರವೆ ನಿಮ್ಮ ಜೊತೆ ಸರಿದರೆ, ಕುದಿದರೆ, ಅದು ಸ್ಪೆಕಲ್. ಪರದೆಗೆ ಅಂಟಿಕೊಂಡೇ ಇದ್ದರೆ ಪಿಕ್ಸೆಲ್ ಜಾಲವೋ ಪರದೆಯ ನೇಯ್ಗೆಯೋ ಇರಬೇಕು. ಕನ್ನಡಕ ಹಾಕುವವರಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಕನ್ನಡಕ ತೆಗೆದರೆ ಚಿತ್ರ ಮಬ್ಬಾಗುತ್ತದೆ, ಸ್ಪೆಕಲ್ ಮಾತ್ರ ಹರಿತವಾಗಿಯೇ ಉಳಿಯುತ್ತದೆ. ಅದು ಹುಟ್ಟುವುದೇ ಕಣ್ಣೊಳಗೆ ತಾನೆ. ದೂರದ್ದು ಮಬ್ಬಾಗಿ ಕಾಣುವವರಿಗೆ (ಸಮೀಪದೃಷ್ಟಿಯವರಿಗೆ) ರವೆ ತಲೆಯ ಚಲನೆಗೆ ವಿರುದ್ಧ ದಿಕ್ಕಿನಲ್ಲಿ ಓಡುತ್ತದೆ.

ಆಮೇಲೆ ಯಂತ್ರದ ವಿವರಪತ್ರ ತೆಗೆದು ನೋಡಿ. ‘ಲೇಸರ್’ ಎಂದು ಮಾರುವ ತರಗತಿ ಪ್ರೊಜೆಕ್ಟರುಗಳಲ್ಲಿ ಬಹುಪಾಲು ಲೇಸರ್-ಫಾಸ್ಫರ್ ಬಗೆಯವು. ನೀಲಿ ಲೇಸರ್ ಒಂದು ಫಾಸ್ಫರ್ ಚಕ್ರಕ್ಕೆ ಬಡಿದು ಹಳದಿ ಬೆಳಕು ಹೊಮ್ಮಿಸುತ್ತದೆ, ಹಸಿರು ಕೆಂಪು ಎರಡೂ ಅದರಿಂದಲೇ ಬರುತ್ತವೆ. ಅಗಲ ಪಟ್ಟಿಯ ಆ ಬೆಳಕಿನಲ್ಲಿ ಸ್ಪೆಕಲ್ ಇರುವುದಿಲ್ಲ. ಉಳಿದ ನೀಲಿಯಲ್ಲಿ ಇದ್ದರೂ ನಮ್ಮ ಕಣ್ಣಿಗೆ ನೀಲಿಯ ಸೂಕ್ಷ್ಮ ವಿವರ ಅಷ್ಟಾಗಿ ಕಾಣದು. ಇಂಥ ಯಂತ್ರದಲ್ಲೂ ಮಿಣುಕು ಕಂಡರೆ ತಪ್ಪು ಹೆಚ್ಚಾಗಿ ಹೈ-ಗೇನ್ ಪರದೆಯದು (ಬೆಳಕನ್ನು ಎದುರಿಗೇ ಒಟ್ಟುಮಾಡಿ ಹಿಂದಿರುಗಿಸುವ ಹೊಳಪಿನ ಪರದೆ), ಪರದೆ ಬದಲಿಸಿ ಮುಗಿಸಿ. ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ಲೇಸರ್ ಇರುವ ತ್ರಿವರ್ಣ ಯಂತ್ರವಾದರೆ ಮಾತ್ರ ಮುಂದಿನದ್ದೆಲ್ಲ ಬೇಕು.

ಒಂದು ಎಚ್ಚರಿಕೆ. ಕೊಂಡುತಂದ ಪ್ರೊಜೆಕ್ಟರಿನ ಮುಚ್ಚಳ ತೆಗೆಯಬೇಡಿ. ಒಳಗಿರುವುದು 4ನೇ ವರ್ಗದ ಲೇಸರ್. ಮೂರು ಬಣ್ಣಕ್ಕೂ ಒಟ್ಟಿಗೆ ರಕ್ಷಣೆ ಕೊಡುವ ಕನ್ನಡಕ ಹಾಕಿದರೆ ಕೆಲಸವೇ ಕಾಣದಷ್ಟು ಕತ್ತಲೆ, ಹಾಕದಿದ್ದರೆ ಕಣ್ಣು ಹೋಗುತ್ತದೆ. ಇಲ್ಲಿ ಹೇಳುವ ಡಿಫ್ಯೂಸರ್ (ಬೆಳಕು ಚದುರಿಸುವ ತಟ್ಟೆ) ಕೆಲಸ ಪ್ರಯೋಗಾಲಯದ ಮೇಜಿಗೆ, 5 ಮಿಲಿವ್ಯಾಟ್ ಒಳಗಿನ ಲೇಸರಿಗೆ ಮಾತ್ರ.

ಅಳತೆ

ಕಣ್ಣಂದಾಜು ನಂಬಬೇಡಿ, ಹತ್ತು ನಿಮಿಷದಲ್ಲಿ ಕಣ್ಣು ಒಗ್ಗಿಬಿಡುತ್ತದೆ. 50 ಮಿ.ಮೀ. ಲೆನ್ಸಿನ ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ, ಪ್ರೇಕ್ಷಕ ಕೂರುವ ಜಾಗದಲ್ಲೇ ನಿಲ್ಲಿಸಿ. ಅಪರ್ಚರ್ ಎಫ್/16. ಇದು ಸುಮ್ಮನೆ ಆರಿಸಿದ ಸಂಖ್ಯೆಯಲ್ಲ: 50 ÷ 16 = 3.1 ಮಿ.ಮೀ., ಮಬ್ಬು ಬೆಳಕಿನ ಕಣ್ಣಪಾಪೆಗೆ ಹತ್ತಿರದ ಅಳತೆ. ಶಟರ್ ಸೆಕೆಂಡಿನ 25ನೇ ಒಂದು ಪಾಲು, ಅಂದರೆ ಕಣ್ಣು ಬೆಳಕು ಕೂಡಿಸಿಕೊಳ್ಳುವ ಸುಮಾರು 40 ಮಿಲಿಸೆಕೆಂಡು. ಐಎಸ್ಒ 400ರಿಂದ 800. ರಾ ಫೈಲ್ ಕಡ್ಡಾಯ, ಏಕೆಂದರೆ ಜೆಪೆಗ್ ತನ್ನಿಷ್ಟದಂತೆ ಹೊಳಪು ತಿರುಚುತ್ತದೆ, ರವೆಯನ್ನು ‘ನಾಯ್ಸ್’ ಎಂದು ತಿಳಿದು ಒರೆಸಿಯೂ ಬಿಡುತ್ತದೆ.

ಪ್ರೊಜೆಕ್ಟರಿನ ಫೋಕಸನ್ನು ಒಂದಿಷ್ಟು ಕೆಡಿಸಿ. ಪಿಕ್ಸೆಲ್ ಜಾಲ ಕರಗುತ್ತದೆ, ಸ್ಪೆಕಲ್ ಕರಗುವುದಿಲ್ಲ. ಹಸಿರು ಚಾನೆಲ್ ಮಾತ್ರ ಬಿಡಿಸಿಕೊಂಡು, ಮುಚ್ಚಳ ಹಾಕಿ ತೆಗೆದ ಕಪ್ಪು ಚಿತ್ರವನ್ನು ಅದರಿಂದ ಕಳೆದು, 30 ಪಿಕ್ಸೆಲ್‌ನಷ್ಟು ಮಬ್ಬಾಗಿಸಿದ ಅದೇ ಚಿತ್ರದಿಂದ ಭಾಗಿಸಿ. ಪರದೆಯ ನಡು ಬೆಳಗಿ ಅಂಚು ಮಂಕಾದ ವ್ಯತ್ಯಾಸ ಇದರಿಂದ ಹೋಗುತ್ತದೆ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ 300 × 300 ಪಿಕ್ಸೆಲ್ ಚೌಕ ಆರಿಸಿದರೆ ಸರಾಸರಿಯನ್ನೂ ಪ್ರಮಾಣ ವಿಚಲನೆಯನ್ನೂ ಅದೇ ಕೊಡುತ್ತದೆ. ಅದೇ ಪರದೆಗೆ ಎಲ್‌ಇಡಿ ಟಾರ್ಚ್ ಬಿಟ್ಟು ಅಷ್ಟೇ ಹೊಳಪಿನಲ್ಲಿ ಇನ್ನೊಂದು ಚಿತ್ರ ತೆಗೆಯಿರಿ. ಅದರಲ್ಲಿ ಬರುವ ಅಂಕಿ ಕ್ಯಾಮೆರಾದ, ಪರದೆ ನೇಯ್ಗೆಯ ಗದ್ದಲ. ಎರಡನ್ನೂ ವರ್ಗ ಮಾಡಿ ಕಳೆದು ವರ್ಗಮೂಲ ತೆಗೆದರೆ ನಿಜವಾದ ಸ್ಪೆಕಲ್ ಸಿಗುತ್ತದೆ.

ಫೋನಿನ ಕ್ಯಾಮೆರಾ ಇಲ್ಲಿ ಮೋಸ ಮಾಡುತ್ತದೆ. ಸೆನ್ಸರಿನ ಮೇಲೆ ಒಂದು ರವೆಕಾಳಿನ ಗಾತ್ರ ಸುಮಾರಾಗಿ ತರಂಗಾಂತರ ಗುಣಿಸು ಎಫ್-ಸಂಖ್ಯೆ. ಎಫ್/16ರಲ್ಲಿ ಅದು 8.5 ಮೈಕ್ರಾನ್, ಎರಡು ಪಿಕ್ಸೆಲ್ ಅಗಲ. ಫೋನಿನ ಎಫ್/1.8ರಲ್ಲಿ 1 ಮೈಕ್ರಾನ್ ಕೂಡ ಬರದು. ಪಿಕ್ಸೆಲ್ ಒಳಗೇ ಕಾಳು ಸರಾಸರಿಯಾಗಿ, ಇಲ್ಲದ ಒಳ್ಳೆಯ ಅಂಕಿ ಬರುತ್ತದೆ.

ಮಿತಿ ಎಲ್ಲಿದೆ ಎಂದು ಮೊದಲೇ ಲೆಕ್ಕ ಹಾಕಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಡಿಫ್ಯೂಸರ್ ಎಷ್ಟೇ ಜೋರಾಗಿ ತಿರುಗಲಿ, ದಿಕ್ಕುಗಳ ವೈವಿಧ್ಯಕ್ಕೆ ಪ್ರೊಜೆಕ್ಟರ್ ಲೆನ್ಸೇ ಗಡಿ ಹಾಕುತ್ತದೆ. ಪರದೆಯ ಒಂದು ಬಿಂದುವಿನಿಂದ ನೋಡಿದರೆ ಲೆನ್ಸಿನ ಬಾಯಿ ಎಷ್ಟು ಅಗಲ ಕಾಣುತ್ತದೆ, ನೋಡುವವರ ಕಣ್ಣಪಾಪೆ ಎಷ್ಟು ಅಗಲ ಕಾಣುತ್ತದೆ, ಆ ಎರಡರ ಅನುಪಾತದ ವರ್ಗವೇ ಸಿಗಬಹುದಾದ ಗರಿಷ್ಠ ವಿನ್ಯಾಸಗಳ ಸಂಖ್ಯೆ.

ಉದಾಹರಣೆಗೆ 2.5 ಮೀಟರ್ ಅಗಲದ ಪರದೆ, 4 ಮೀಟರ್ ದೂರದಲ್ಲಿ ಪ್ರೊಜೆಕ್ಟರ್, ಲೆನ್ಸ್ ಬಾಯಿ 10 ಮಿ.ಮೀ., 4 ಮೀಟರ್ ದೂರದಲ್ಲೇ ಕೂತ ಪ್ರೇಕ್ಷಕ, ಪಾಪೆ 4 ಮಿ.ಮೀ. ಅನುಪಾತ 2.5, ವರ್ಗ 6.25. ಅಂದರೆ 40%ಕ್ಕಿಂತ ಕೆಳಗೆ ದಿಕ್ಕಿನಿಂದ ಇಳಿಸಲಾಗದು! ಪರದೆ ಧ್ರುವೀಕರಣ ಕೆಡಿಸುವ ಬಗೆಯದಾದರೆ ಎರಡು ಪಾಲಾಗಿ √2ರಿಂದ ಭಾಗ, 28%. ಅಲ್ಲಿಗೆ ಡಿಫ್ಯೂಸರಿನ ಕೆಲಸ ಮುಗಿಯಿತು. ಉಳಿದದ್ದು ತರಂಗಾಂತರ ಮತ್ತು ಪರದೆಯ ಪಾಲು.

ಇದೇ ಲೆಕ್ಕದಿಂದ ಪುಕ್ಕಟೆ ಉಪಾಯಗಳೂ ಸಿಗುತ್ತವೆ. ಪ್ರೇಕ್ಷಕ ಪರದೆಯಿಂದ 8 ಮೀಟರ್ ದೂರ ಕೂತರೆ 28% ಇದ್ದದ್ದು 14%. ಮೊದಲ ಎರಡು ಸಾಲು ಖಾಲಿ ಬಿಡುವುದು ಯಾವ ಉಪಕರಣಕ್ಕೂ ಕಡಿಮೆಯಲ್ಲ. ಕೋಣೆ ಕಗ್ಗತ್ತಲಾದರೆ ಪಾಪೆ 6 ಮಿ.ಮೀ. ಹಿಗ್ಗಿ, 40% ಇದ್ದ ಗಡಿ 60%ಕ್ಕೆ ಏರುತ್ತದೆ. ಹಿಂಬದಿಯಲ್ಲೊಂದು ಮಂದ ದೀಪ ಉರಿಯಲಿ, ಕಪ್ಪು ಬಣ್ಣ ಸ್ವಲ್ಪ ಬಿಳಚಿಕೊಂಡರೂ ಲಾಭವೇ.

ಪರದೆ: ಅತಿ ಹೆಚ್ಚು ಫಲ ಕೊಡುವ ಜಾಗ

ಪರದೆಯಿಂದ ಎರಡು ಗುಣ ಬೇಕು: ಬೆಳಕು ಮೈಮೇಲೆ ಬಡಿದು ಹಿಂದಿರುಗದೆ ಒಳಹೊಕ್ಕು ಅಲೆದಾಡಿ ಬರಬೇಕು, ಹಾಗೆ ಬರುವಾಗ ಧ್ರುವೀಕರಣ ಕೆಡಬೇಕು. ಅಲೆದಾಟದ ಹಾದಿಗಳ ನಡುವೆ ಅರ್ಧ ಮಿ.ಮೀ. ವ್ಯತ್ಯಾಸ ಇದ್ದರೆ, 638 ನ್ಯಾನೊಮೀಟರಿನ ಕೆಂಪಿನಲ್ಲಿ ಪ್ರತಿ 0.8 ನ್ಯಾನೊಮೀಟರಿಗೆ ಒಂದು ಹೊಸ ವಿನ್ಯಾಸ ಸಿಗುತ್ತದೆ (ತರಂಗಾಂತರದ ವರ್ಗವನ್ನು ಹಾದಿ ವ್ಯತ್ಯಾಸದಿಂದ ಭಾಗಿಸಿ). ಯಂತ್ರದ ಕೆಂಪು ಡಯೋಡುಗಳು ಒಟ್ಟು 4 ನ್ಯಾನೊಮೀಟರ್ ಹರಡಿಕೊಂಡಿದ್ದರೆ ಐದು ವಿನ್ಯಾಸ, 28% ಇದ್ದದ್ದು 12.5%. ಅದೇ ಬೆಳ್ಳಿ ಪರದೆಯಾದರೆ ಬೆಳಕು ಒಳಹೊಗುವುದೇ ಇಲ್ಲ, ಧ್ರುವೀಕರಣವೂ ಹಾಗೇ ಉಳಿಯುತ್ತದೆ, ಎರಡೂ ಲಾಭ ಸೊನ್ನೆ. ಸ್ಪೆಕಲ್ ವಿಷಯದಲ್ಲಿ ಬೆಳ್ಳಿ ಪರದೆ ಅತಿ ಕೆಟ್ಟದ್ದು, ಆಮೇಲೆ ಮುತ್ತಿನ ಹೊಳಪಿನ ಹೈ-ಗೇನ್, ಆಮೇಲೆ ಕೋಣೆಯ ಬೆಳಕು ತಡೆಯುವ ಫ್ರೆನೆಲ್ ಬಗೆಯವು. ಸಾದಾ ಮ್ಯಾಟ್ ಬಿಳಿ ವಾಸಿ. ದುಬಾರಿ ಪರದೆಯೇ ಇಲ್ಲಿ ಸೋಲುವುದು ವಿಪರ್ಯಾಸ.

ಅಂಗಡಿಯಲ್ಲೇ ಪರೀಕ್ಷಿಸಲು 1 ಮಿಲಿವ್ಯಾಟ್ ಒಳಗಿನ ಲೇಸರ್ ಪಾಯಿಂಟರ್ ಮತ್ತು ಕೆಟ್ಟ ಎಲ್‌ಸಿಡಿಯಿಂದ ಕಿತ್ತ ಪೋಲರೈಸರ್ ಹಾಳೆಯ ತುಂಡು ಸಾಕು. ಪಾಯಿಂಟರ್ ಚುಕ್ಕೆಯ ಸುತ್ತ ಮಂಜಿನಂಥ ಪ್ರಭೆ ಹರಡಿದರೆ ಬೆಳಕು ಒಳಹೊಕ್ಕಿದೆ ಎಂದರ್ಥ. ಆ ಪ್ರಭೆ ಒಂದು ಪಿಕ್ಸೆಲ್ ಮೀರಬಾರದು: 2.5 ಮೀಟರ್ ಪರದೆಗೆ 1920 ಪಿಕ್ಸೆಲ್ ಎಂದರೆ ಒಂದೊಂದೂ 1.3 ಮಿ.ಮೀ. ಥರ್ಮಾಕೋಲ್ ಹಲಗೆಯಲ್ಲಿ ಸ್ಪೆಕಲ್ ಅದ್ಭುತವಾಗಿ ಇಳಿಯುತ್ತದೆ, ಜೊತೆಗೆ ಅಕ್ಷರಗಳೂ ಕರಗಿಹೋಗುತ್ತವೆ. ಇನ್ನು ಪೋಲರೈಸರನ್ನು ಕಣ್ಣ ಮುಂದೆ ತಿರುಗಿಸಿ. ಚುಕ್ಕೆಯ ಹೊಳಪು ಬದಲಾಗದಿದ್ದರೆ ಧ್ರುವೀಕರಣ ಕೆಟ್ಟಿದೆ, ಅದೇ ಬೇಕಾದದ್ದು. ಒಂದು ಕೋನದಲ್ಲಿ ಪೂರ್ತಿ ಆರಿದಂತಾದರೆ ಆ ಪರದೆ ಬೇಡ.

ಕೈಯಲ್ಲಿ ದುಡ್ಡಿಲ್ಲದವರಿಗೆ ಒತ್ತಾದ ನೇಯ್ಗೆಯ ದಪ್ಪ ಬಿಳಿ ಹತ್ತಿಬಟ್ಟೆ ಎರಡು ಪದರ, ಹಿಂದೆ ಬಿಳಿ ಹಲಗೆ, ಚೌಕಟ್ಟಿಗೆ ಬಿಗಿದು ಕಟ್ಟಿದರೆ ಚೆನ್ನಾಗಿಯೇ ನಡೆಯುತ್ತದೆ. ನೀಲಿ ಹಾಕಿ ಒಗೆದ ಬಟ್ಟೆ ಬೇಡ, ಬಣ್ಣ ಕೆಡುತ್ತದೆ. ಚಿಕ್ಕಮಗಳೂರಿನ ಮಳೆಗಾಲಕ್ಕೆ ಹತ್ತಿ ಬೂಷ್ಟು ಹಿಡಿಯುತ್ತದೆ, ಜೋಲುತ್ತದೆ. ಜೂನ್ ಬರುವ ಮೊದಲೇ ಬಿಚ್ಚಿ ಒಣಗಿಸಿ ಸುತ್ತಿಡುವ ಏರ್ಪಾಡು ಇದ್ದರಷ್ಟೇ ಬಟ್ಟೆಗೆ ಕೈಹಾಕಿ.

ಪರದೆ ನಡುಗಿಸುವುದು

ದೊಡ್ಡ ಚಿತ್ರಮಂದಿರಗಳಲ್ಲೂ ಬಳಕೆಯಲ್ಲಿರುವ ವಿಧಾನ. ಪರದೆಯ ಇಳಿಜಾರು ತುಸು ಬದಲಾದರೆ ಕಣ್ಣ ಮುಂದಿನ ಸ್ಪೆಕಲ್ ವಿನ್ಯಾಸ ಪಕ್ಕಕ್ಕೆ ಸರಿಯುತ್ತದೆ. ಒಂದು ಪಾಪೆಯಗಲ ಸರಿದರೆ ಹೊಸ ವಿನ್ಯಾಸ. 4 ಮೀಟರ್ ದೂರಕ್ಕೆ, 1 ಮೀಟರ್ ಅಲೆಯುದ್ದದ ನಡುಕಕ್ಕೆ 0.4 ಮಿ.ಮೀ. ವೈಶಾಲ್ಯ ಕೊಟ್ಟರೆ ಇಳಿಜಾರು ಅತ್ತಿತ್ತ 2.5 ಮಿಲಿರೇಡಿಯನ್, ಪ್ರತಿಫಲನದಲ್ಲಿ ಆ ಕೋನ ಇಮ್ಮಡಿಯಾಗಿ ವಿನ್ಯಾಸ ಒಟ್ಟು 40 ಮಿ.ಮೀ. ಸರಿಯುತ್ತದೆ, ಹತ್ತು ಪಾಪೆಯಗಲ. ಪ್ರೇಕ್ಷಕರಿಗೆ ನಡುಕ ಕಾಣುವುದಿಲ್ಲ.

ಬೇಕಾದದ್ದು: 20 ವ್ಯಾಟಿನ ಬಾಸ್ ಶೇಕರ್ (ಸದ್ದಿನ ಬದಲು ನಡುಕ ಹುಟ್ಟಿಸುವ ಸಾಧನ) ಎರಡು, ಟಿಪಿಎ3116 ಚಿಪ್ಪಿನ ಸ್ಟೀರಿಯೊ ಆಂಪ್ಲಿಫೈಯರ್ ಬೋರ್ಡು, 24 ವೋಲ್ಟ್ ಅಡಾಪ್ಟರ್, ಶಬ್ದದ ಆವರ್ತನ ಹುಟ್ಟಿಸುವ ಆ್ಯಪ್ ಇರುವ ಹಳೆಯ ಫೋನು. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ.

1. ಸ್ಥಿರ ಚೌಕಟ್ಟಿನ ಪರದೆಯೇ ಆಗಬೇಕು. ಸುತ್ತಿಕೊಳ್ಳುವ ಪರದೆ ತೊಟ್ಟಿಲಿನಂತೆ ತೂಗುತ್ತದೆ ಅಷ್ಟೆ.
2. ಚೌಕಟ್ಟಿಗೂ ಗೋಡೆಗೂ ನಡುವೆ 10 ಮಿ.ಮೀ. ರಬ್ಬರ್ ತುಂಡು ಕೊಡಿ. ಇಲ್ಲದಿದ್ದರೆ ಗೋಡೆಯೇ ಗುಂಯ್ ಎನ್ನುತ್ತದೆ. ಹಳೆಯ ತೊಟ್ಟಿ ಮನೆಯ ಮರದ ಅಟ್ಟಕ್ಕಂತೂ ಇದು ತಪ್ಪದೇ ಬೇಕು.
3. ಒಂದು ಶೇಕರ್ ಮೇಲಿನ ಪಟ್ಟಿಯ ಮೂರನೇ ಒಂದು ಭಾಗದಲ್ಲಿ, ಇನ್ನೊಂದು ಪಕ್ಕದ ಪಟ್ಟಿಯಲ್ಲಿ. ನಟ್ಟನಡುವೆ ಬೇಡ.
4. ಒಂದಕ್ಕೆ 23 ಹರ್ಟ್ಸ್, ಇನ್ನೊಂದಕ್ಕೆ 31 ಹರ್ಟ್ಸ್. ಸ್ಪೆಕಲ್ ಇಳಿಯುವವರೆಗೆ ದನಿ ಏರಿಸಿ, ಪ್ರಶಾಂತ ದೃಶ್ಯದಲ್ಲಿ ಗುನುಗು ಕೇಳಿಸಿದ ಕೂಡಲೇ ಒಂದು ಹಂತ ಇಳಿಸಿ.

ಎರಡು ಆವರ್ತನ ಏಕೆ? ಒಂದೇ ಆದರೆ ಪರದೆಯಲ್ಲಿ ನಿಂತ ಅಲೆ ಏಳುತ್ತದೆ. ಅದರ ಮಾಯೆ ನೋಡಿ: ಪರದೆ ಅತಿ ಹೆಚ್ಚು ಹಿಂದೆ ಮುಂದೆ ಆಡುವ ಜಾಗದಲ್ಲೇ ಸ್ಪೆಕಲ್ ಹಾಗೇ ಉಳಿಯುತ್ತದೆ. ಅಲೆಯ ನೆತ್ತಿಯಲ್ಲಿ ಇಳಿಜಾರು ಸೊನ್ನೆ, ಬರೀ ಹಿಂದೆ ಮುಂದೆ ಹೋದರೆ ಎಲ್ಲ ಅಲೆಗಳೂ ಒಟ್ಟಿಗೆ ಸರಿದು ವಿನ್ಯಾಸ ಬದಲಾಗದು. ಪಟ್ಟೆಪಟ್ಟೆಯಾಗಿ ರವೆ ಉಳಿದಿದೆ ಎಂದರೆ ಕಾರಣ ಇದೇ.

ಹತ್ತು ವಿನ್ಯಾಸ ಸಿಕ್ಕಿತು, √10ರಿಂದ ಭಾಗಿಸಿಬಿಡೋಣ ಎನ್ನುವಂತಿಲ್ಲ. ಪರದೆ ಓರೆಯಾಗುವುದೂ ಬೆಳಕಿನ ದಿಕ್ಕು ಬದಲಾಗುವುದೂ ಒಂದೇ ಜಾತಿಯ ವೈವಿಧ್ಯ. ಒಂದೇ ದಿಕ್ಕಿನ ನಡುಕ ಎಂದಿಟ್ಟುಕೊಂಡರೆ, ಲೆನ್ಸಿನ 10 ಮಿ.ಮೀ. ಜೊತೆ 40 ಸೇರಿ 50, ಅಂದರೆ ಮೊದಲಿಗಿಂತ ಐದು ಪಟ್ಟು ಮಾತ್ರ. 12.5% ಇದ್ದದ್ದು 5.6%ಕ್ಕೆ ಬರುತ್ತದೆ. ಗುರಿಯ ಹೊಸ್ತಿಲಿಗೆ ಬಂದಂತಾಯಿತು, ಯಂತ್ರದ ಒಂದು ಸ್ಕ್ರೂ ಕೂಡ ಬಿಚ್ಚದೆ.

ಮೇಜಿನ ಮೇಲೆ: ತಿರುಗುವ ಡಿಫ್ಯೂಸರ್

ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಸ್ವಂತ ಪ್ರೊಜೆಕ್ಟರ್ ಕಟ್ಟುವವರಿಗೆ ಇದು. 520 ನ್ಯಾನೊಮೀಟರಿನ ಡಯೋಡ್ ಲೇಸರ್ ತೆಗೆದುಕೊಳ್ಳಿ, 532ರ ಡಿಪಿಎಸ್‌ಎಸ್ (ಡಯೋಡ್ ಬೆಳಕಿನಿಂದ ಹರಳನ್ನು ಬೆಳಗಿಸುವ ಬಗೆಯ ಲೇಸರ್) ಬೇಡ. 0.1 ನ್ಯಾನೊಮೀಟರ್ ಪಟ್ಟಿಯ ಡಿಪಿಎಸ್‌ಎಸ್ ಬೆಳಕಿನ ಕೊಹೆರೆನ್ಸ್ ಉದ್ದ (ಅಲೆಗಳು ಹೆಜ್ಜೆ ತಪ್ಪದೆ ಸಾಗುವ ದೂರ) 2.8 ಮಿ.ಮೀ., 2 ನ್ಯಾನೊಮೀಟರ್ ಪಟ್ಟಿಯ ಡಯೋಡಿನದು 0.14 ಮಿ.ಮೀ. ಅಷ್ಟರಮಟ್ಟಿಗೆ ಕೆಲಸ ಮೊದಲೇ ಹಗುರ.

ತಿರುಗಿಸಲು 120 ಮಿ.ಮೀ. ಕಂಪ್ಯೂಟರ್ ಫ್ಯಾನಿನ ರೆಕ್ಕೆ ಮುರಿದು, ನಡುಗುಬ್ಬಿಗೆ 90 ಮಿ.ಮೀ. ವ್ಯಾಸದ 3 ಮಿ.ಮೀ. ಪಾಲಿಕಾರ್ಬೊನೇಟ್ ತಟ್ಟೆ ಎಪಾಕ್ಸಿಯಿಂದ ಅಂಟಿಸಿ. ತಟ್ಟೆಯ ಎರಡೂ ಬದಿ 120, ಆಮೇಲೆ 220 ನಂಬರಿನ ಉಜ್ಜುಕಾಗದದಿಂದ ನೀರು ಹಾಕಿ ಸುತ್ತುಸುತ್ತಾಗಿ ಉಜ್ಜಿ. ತೀರ ನಯವಾದ ಕಾಗದದಲ್ಲಿ ಮುಗಿಸಿದರೆ ನಡುವೆ ಚದುರದ ಚುಕ್ಕೆ ಉಳಿದು, ಪರದೆಯ ಮಧ್ಯೆ ಬೆಂಕಿಕಡ್ಡಿಯಂತೆ ಉರಿಯುತ್ತದೆ.

ಲೇಸರ್ ಕಿರಣವನ್ನು 10 ಮಿ.ಮೀ. ಮತ್ತು 50 ಮಿ.ಮೀ. ಫೋಕಸಿನ ಲೆನ್ಸ್ ಜೋಡಿಯಿಂದ ಐದು ಪಟ್ಟು ಹಿಗ್ಗಿಸಿ, ಸುಮಾರು 14 ಮಿ.ಮೀ. ಅಗಲದ ಮಡುವಾಗಿ ತಟ್ಟೆಯ 33 ಮಿ.ಮೀ. ತ್ರಿಜ್ಯದಲ್ಲಿ ಬೀಳಿಸಿ. ಕಿರಣವನ್ನು ಚಿಕ್ಕ ಚುಕ್ಕೆಯಾಗಿ ಬೀಳಿಸುವುದು ಸಾಮಾನ್ಯ ತಪ್ಪು. ಚಿತ್ರಫಲಕ (ಪ್ರೊಜೆಕ್ಟರಿನೊಳಗೆ ಚಿತ್ರ ರೂಪಿಸುವ ಚಿಪ್ಪು) 14 ಮಿ.ಮೀ. ಅಗಲ, ಲೆನ್ಸ್ ಎಫ್/2.4 ಎಂದರೆ ಅದು 12 ಡಿಗ್ರಿಯ ಅರ್ಧಕೋನ ನುಂಗುತ್ತದೆ. 2 ಮಿ.ಮೀ. ಚುಕ್ಕೆಯನ್ನು 14ಕ್ಕೆ ಹಿಗ್ಗಿಸಿದರೆ ಕೋನ ಏಳನೇ ಒಂದು ಭಾಗಕ್ಕೆ ಕುಗ್ಗುತ್ತದೆ, ಲೆನ್ಸ್ ತುಂಬುವುದೇ ಇಲ್ಲ. ತುಂಬದ ಲೆನ್ಸ್ ಎಂದರೆ ಮೇಲೆ ಹಾಕಿದ ಗಡಿಯ ಲೆಕ್ಕದಲ್ಲಿ ಲೆನ್ಸ್ ಬಾಯಿಯೇ ಚಿಕ್ಕದಾದಂತೆ. ಚದುರುವ ಕೋನ ನೋಡಲು ತಟ್ಟೆಯಿಂದ 1 ಮೀಟರ್ ದೂರದ ಗೋಡೆಗೆ ಬೆಳಕು ಬಿಡಿ. 21 ಸೆ.ಮೀ. ತ್ರಿಜ್ಯದ ಮಡು ಬಂದರೆ 12 ಡಿಗ್ರಿ. ಕಡಿಮೆ ಬಂದರೆ ಪಕ್ಕದಲ್ಲೇ ಉಜ್ಜಿದ ಇನ್ನೊಂದು ಗಾಜನ್ನು ನಿಶ್ಚಲವಾಗಿ ಇಡಿ. ಹೆಚ್ಚು ಬಂದರೆ ಬೆಳಕು ಲೆನ್ಸಿನ ಹೊರಗೆ ಪೋಲಾಗುತ್ತದೆ.

ವೇಗ ನಿಮಿಷಕ್ಕೆ 1500 ಸುತ್ತು ಸಾಕು, 40 ಮಿಲಿಸೆಕೆಂಡಿಗೆ ಸರಿಯಾಗಿ ಒಂದು ಸುತ್ತು. ಅದಕ್ಕಿಂತ ಜೋರಾಗಿ ತಿರುಗಿಸಿದರೆ ಅದೇ ವಿನ್ಯಾಸಗಳು ಮತ್ತೆ ಬರುತ್ತವೆ, ಹೊಸತು ಹುಟ್ಟುವುದಿಲ್ಲ. ಸದ್ದು ಮಾತ್ರ ಹೆಚ್ಚುತ್ತದೆ. ತಟ್ಟೆಯ ತೂಕ ಒಂದು ಕಡೆ ಹೆಚ್ಚಿದ್ದರೆ ಮೇಜೇ ನಡುಗಿ ಚಿತ್ರ ಮಬ್ಬಾಗುತ್ತದೆ. ಅಂಚಿಗೆ ಟೇಪಿನ ತುಂಡು ಅಂಟಿಸಿ ಸಮತೂಕ ಮಾಡಿ. ಮೋಟರ್ ನಿಂತರೆ ಲೇಸರ್ ತಾನಾಗಿ ಆರಬೇಕು. ಫ್ಯಾನಿನ ಮೂರನೇ ತಂತಿ ಸುತ್ತಿನ ಎಣಿಕೆ ಕೊಡುತ್ತದೆ, ಅದನ್ನು ಬಳಸಿ. ತಟ್ಟೆಯ ಸುತ್ತ ಮುಚ್ಚಿದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಇರಲಿ. ಮಲೆನಾಡಿನ ತೇವಕ್ಕೆ ಉಜ್ಜಿದ ಮೈಯ ಗೀರುಗಳಲ್ಲಿ ನೀರು ಕೂತರೆ ಚದುರುವ ಕೋನವೇ ಕುಗ್ಗಿಬಿಡುತ್ತದೆ.

ತಿರುಗುವ ಭಾಗವೇ ಬೇಡವೆನ್ನುವವರು ದಪ್ಪ ಫೈಬರ್ ಹಿಡಿಯಬಹುದು. 200 ಮೈಕ್ರಾನ್ ತಿರುಳು, 0.22 ಸಂಖ್ಯಾದ್ವಾರದ (ಬೆಳಕು ಒಳಹೊಗಬಲ್ಲ ಕೋನದ ಅಳತೆ) 10 ಮೀಟರ್ ಫೈಬರಿನಲ್ಲಿ ಅತಿ ಉದ್ದದ ಮತ್ತು ಅತಿ ಗಿಡ್ಡ ಹಾದಿಗಳ ನಡುವೆ ಸುಮಾರು 16 ಸೆ.ಮೀ. ವ್ಯತ್ಯಾಸ. ಡಯೋಡಿನ ಕೊಹೆರೆನ್ಸ್ ಉದ್ದಕ್ಕಿಂತ ಇದು ಸಾವಿರ ಪಟ್ಟು ಹೆಚ್ಚು, ಹಾಗಾಗಿ ಅಲುಗಾಡಿಸದೆಯೂ ವಿನ್ಯಾಸಗಳು ಬೆರೆಯುತ್ತವೆ. ಆದರೂ ಲೆನ್ಸಿನ ಗಡಿ ಇದಕ್ಕೂ ಅಷ್ಟೇ ಅನ್ವಯ.

ಕಿರಣವನ್ನೇ ಕನ್ನಡಿಯಿಂದ ಓಡಿಸಿ ಚಿತ್ರ ಬರೆಯುವ ಅಂಗೈಯಗಲದ ಪ್ರೊಜೆಕ್ಟರುಗಳಿಗೆ ಈ ಡಿಫ್ಯೂಸರ್ ಉಪಯೋಗಕ್ಕೆ ಬಾರದು. ಅಲ್ಲಿ ಒಂದೊಂದು ಪಿಕ್ಸೆಲಿಗೂ ಬೆಳಕು ಬೀಳುವುದು ಹತ್ತಾರು ನ್ಯಾನೊಸೆಕೆಂಡು ಮಾತ್ರ, ಅಷ್ಟರಲ್ಲಿ ಯಾವ ತಟ್ಟೆಯೂ ಸರಿಯದು. ಡಯೋಡಿನ ವಿದ್ಯುತ್ತನ್ನು ನೂರಾರು ಮೆಗಾಹರ್ಟ್ಸ್‌ನಲ್ಲಿ ಏರಿಳಿಸಿ ಬಣ್ಣದ ಪಟ್ಟಿ ಹಿಗ್ಗಿಸುವುದು ಅದರ ತಯಾರಕರ ಕೆಲಸ. ಕೊಂಡವರ ಕೈಯಲ್ಲಿರುವುದು ಪರದೆಯೊಂದೇ. ಆ ಪುಟ್ಟ ಚಿತ್ರವನ್ನು ಹೊಳಪಿನ ಗೋಡೆಗೆ ಬಿಡದೆ ಬಿಳಿ ಹತ್ತಿಬಟ್ಟೆಗೆ ಬಿಟ್ಟು ನೋಡಿ.